ಹಡಗು ಹತ್ತಿ ಹೋದ ಹಿರಿಯರು



"ಮುತ್ತಜ್ಜನ ತಮ್ಮ ಒಬ್ಬಾತ ಕಡಲು ದಾಟಿ ಹೋದ, ತಿರುಗಿ ಬರಲೇ ಇಲ್ಲ" ಎಂಬ ಮಾತನ್ನು ಹಲವು ಮನೆಗಳಲ್ಲಿ ಕೇಳಿದ್ದೇವೆ. ಕಥೆ ಅಲ್ಲಿಗೇ ಮುಗಿಯಬೇಕಿಲ್ಲ.

ಮದರಾಸಿನಿಂದ ಹೊರಟ 'ಟ್ರೂರೋ' ಹಡಗು 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕಾದ ಡರ್ಬನ್ ಬಂದರು ಸೇರಿತು. ನತಾಲಿನ ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳಾಗಿ 1911ರವರೆಗೆ ಮದರಾಸು, ಕಲಕತ್ತೆಗಳಿಂದ ಹೋದವರು ಸುಮಾರು 1,52,000 ಮಂದಿ. ಮೈಸೂರು ಸೀಮೆಯವರೂ ಅವರಲ್ಲುಂಟು.

ಬಿಳಿಯರು ಬೆನ್ನು ಮುರಿಯುವಂತೆ ದುಡಿಸಿಕೊಂಡರು. ಲೆಕ್ಕ ಮಾತ್ರ ಇಟ್ಟರು ನೋಡಿ! ಹಡಗಿನ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರು. ಅದರ ಮುಂದೆ ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಮಚ್ಚೆ-ಗಾಯದ ಗುರುತು. ಹುಡುಕುವವರು ಹಿಡಿಯಬೇಕಾದ್ದು ಆ ನಂಬರನ್ನೇ. ಹೆಸರನ್ನು ನಂಬಿ ಕೂತರೆ ಆಗದು. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿದ್ದಾನೆ. ಊರಿನದೂ ಅದೇ ಪಾಡು, 'ಹಳ್ಳಿ' ಎಂದು ಮುಗಿಯುವ ಊರು ನಮ್ಮಲ್ಲಿ ಎಷ್ಟಿಲ್ಲ! ಮಾರಿಷಸ್‌ಗೆ ಹೋದವರ ದಾಖಲೆಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ, ಎಷ್ಟೋ ಜನರ ಫೋಟೋ ಸಮೇತ.

ಅಲ್ಲಿನ ಮರಿಮಕ್ಕಳು ಆ ಕಾಗದ ಹಿಡಿದು ಊರ ಬಾಗಿಲಿಗೆ ಬಂದರೆ ನಾವು ಏನು ತೋರಿಸೋಣ? ಹಳೇ ಜಮೀನಿನ ಪತ್ರಗಳುಂಟು. ಅದಕ್ಕೂ ಮಿಗಿಲಾಗಿ, ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರಿದ್ದಾರೆ. ಮೊರದ ತುಂಬ ಕಾಳು ಕೊಟ್ಟು ಕಳಿಸುವ ಮುಂಚೆ ಅವರನ್ನು ಕೂರಿಸಿ, ನಿರ್ವಂಶವಾಯಿತು ಅನ್ನುವ ಕವಲು ಯಾವುದು ಎಂದು ಕೇಳೋಣ. ಆ ಹೆಸರನ್ನು ತಂದೆ ಹೆಸರಿನ ಸಮೇತ ಬರೆದಿಟ್ಟುಕೊಳ್ಳೋಣ. ಆ ಕವಲು ಡರ್ಬನ್ನಿನಲ್ಲಿ ಚಿಗುರಿರಬಹುದು.