ಮೇಲಿನಿಂದ ಕಂಡ ನೆಲ

ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ನಿಂತು ನೋಡುವವರಿಗೆ ಸುತ್ತಣ ಕಡಲೆಕಾಯಿ ಹೊಲಗಳು ಹಾಸಿದ ಜಮಖಾನದಂತೆ ತೋರುತ್ತವೆ. ಇಳಿದು ನಡೆದರೆ ಬದು, ಹಳ್ಳ, ಗುಂಡುಕಲ್ಲು, ಪಾಳುಬಾವಿಗಳು ಒಂದೊಂದಾಗಿ ಎದುರಾಗುತ್ತವೆ. ಹದಮಾಡದ ನೆಲದ ಮೇಲೆ ಸಣ್ಣ ವಿಮಾನವನ್ನು ಇಳಿಸಬೇಕಾದವನ ಸಂಕಟವೆಲ್ಲ ಈ ಎರಡು ನೋಟಗಳ ನಡುವೆ ಇದೆ.

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದಾಗಿ ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಡನೆ ಉಳಿದುಕೊಂಡರು. ಇಂಥ ಗಳಿಗೆಯಲ್ಲಿ ನೆಲವನ್ನು ಆರಿಸಲು ವೈಮಾನಿಕನಿಗೆ ದೊರೆಯುವುದು ಅತ್ಯಲ್ಪ ಕಾಲ. ವಿದ್ಯುತ್ ತಂತಿ ಮೇಲಿನಿಂದ ಕಾಣದು. ಕಂಬಗಳ ಸಾಲಿನಿಂದ ಅದನ್ನು ಊಹಿಸಬೇಕು. ಹೊಗೆ, ಧೂಳುಗಳ ವಾಲಿಕೆಯಿಂದ ಗಾಳಿಯ ದಿಕ್ಕನ್ನು ಅರಿಯಬೇಕು. ಗಾಳಿಗೆ ಎದುರಾಗಿ ಇಳಿದರೆ ನೆಲ ಮುಟ್ಟುವ ವೇಗ ತಗ್ಗುತ್ತದೆ. ಇದು ಅಲ್ಪ ಲಾಭವಲ್ಲ. ಏಕೆಂದರೆ ವೇಗ ಇಮ್ಮಡಿಸಿದರೆ ಆಘಾತದ ಶಕ್ತಿ ನಾಲ್ಮಡಿಸುತ್ತದೆ. ಉತ್ತ ಹೊಲವಾದರೆ ಸಾಲಿನ ಉದ್ದಕ್ಕೇ ಇಳಿಯಬೇಕು. ಅಡ್ಡಲಾಗಿ ಇಳಿದರೆ ಚಕ್ರ ಸಿಕ್ಕಿ ವಿಮಾನ ಮಗುಚೀತು.

ಎಂಜಿನ್ ಸರಿಯಾಗಿದ್ದೂ ಒರಟು ನೆಲಕ್ಕೆ ದಿನನಿತ್ಯ ಇಳಿಯುವವರು ಅಲಾಸ್ಕಾ, ಪಪುವಾ ನ್ಯೂಗಿನಿಗಳಲ್ಲಿ ಇದ್ದಾರೆ. ನೇಪಾಳದ ಲುಕ್ಲಾದಲ್ಲಿ 1964ರಲ್ಲಿ ಸಿದ್ಧವಾದ ಓಡುಹಾದಿಯೂ 2001ರವರೆಗೆ ಡಾಂಬರು ಕಂಡಿರಲಿಲ್ಲ. ಡಾಂಬರು ಬಿದ್ದ ಮಾತ್ರಕ್ಕೆ ಬೆಟ್ಟ ಸರಿಯಲಿಲ್ಲವಷ್ಟೆ. ಸುಮಾರು 2,800 ಮೀಟರ್ ಎತ್ತರದ ತೆಳುಗಾಳಿಯಲ್ಲಿ ವಿಮಾನ ಹೆಚ್ಚು ವೇಗದಿಂದಲೇ ನೆಲ ಮುಟ್ಟಬೇಕು. ಹಾದಿಯ ಉದ್ದವೋ ಸುಮಾರು 527 ಮೀಟರ್, ಅದರ ತುದಿಯಲ್ಲಿ ಬೆಟ್ಟದ ಗೋಡೆ. 2008ರ ಅಕ್ಟೋಬರ್ 8ರಂದು ಮಂಜು ಮುಸುಕಿದ್ದಾಗ ಇಳಿಯಹೊರಟ ವಿಮಾನದಲ್ಲಿದ್ದ 19 ಮಂದಿಯಲ್ಲಿ 18 ಮಂದಿ ಮಡಿದರು. ಇಳಿಯುವಾಗಿನ ಅಪಘಾತ ಚಕ್ರ ನೆಲ ಮುಟ್ಟುವ ಮೊದಲೇ ಆರಂಭವಾಗಿರುತ್ತದೆ ಎಂಬುದು ಇದರಿಂದ ಸ್ಪಷ್ಟ. ಮರಳಿ ಮೇಲೇರಲು ಎಡೆಯಿರುವಾಗಲೇ ‘ಇಂದು ಇಳಿಯುವುದಿಲ್ಲ’ ಎಂದು ನಿರ್ಧರಿಸುವುದು ಹೇಡಿತನವಲ್ಲ. ಅದೇ ವೈಮಾನಿಕನ ವಿವೇಕ.

ನೆಲದ ಮೇಲಿರುವ ನಮಗೂ ಒಂದು ಹೊಣೆಯುಂಟು. ಹೊಲದಲ್ಲಿ ವಿಮಾನ ಬಿದ್ದರೆ ಮೊದಲು ಓಡಿಬರುವವರು ಉಳುವ ಜನರೇ. ಇಂಧನ ಸೋರಿರಬಹುದಾದ ಕಾರಣ ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು. ಪ್ರೊಪೆಲರ್ ನಿಂತಿದ್ದರೂ ಅದನ್ನು ಮುಟ್ಟಬಾರದು. 112ಕ್ಕೆ ಕರೆ ಮಾಡಬೇಕು. ಗಾಯಗೊಂಡವರ ರಕ್ಷಣೆಗೆ ಅಗತ್ಯವಾದುದನ್ನು ಬಿಟ್ಟು ಅವಶೇಷಗಳನ್ನು ಕದಲಿಸಬಾರದು. ಕುತೂಹಲಕ್ಕೆ ಎತ್ತಿಕೊಂಡ ಒಂದು ಚೂರಿನಲ್ಲಿ ಅಪಘಾತದ ಕಾರಣವೇ ಅಡಗಿರಬಹುದು. ಆ ಕಾರಣ ತಿಳಿದರೆ ಮುಂದೆ ಹಾರುವವರ ಪ್ರಾಣ ಉಳಿದೀತು.