ಬಿದ್ದ ಹಿರಿಯರನ್ನು ಹಾಸಿಗೆಗೆ ಬಿಡಬೇಡಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ತೊಡೆ ಎಲುಬಿನ ಬಗ್ಗೆ ಮಾತಾಡಲು ಕಾರಣವಿದೆ. ನಮ್ಮಲ್ಲಿ ಬಹಳ ಮಂದಿ ಹೈದರಾಬಾದ್, ಪುಣೆ, ಬೆಂಗಳೂರು ಸೇರಿದ್ದೇವೆ. ಹಿರಿಯರು ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿದ್ದಾರೆ. ಒಂದು ದಿನ ಫೋನ್ ಬರುತ್ತದೆ: "ಅವ್ವ ಬಚ್ಚಲದಾಗ ಬಿದ್ದಾಳ, ಎದ್ದು ನಿಂದ್ರಲಾಕ ಆಗ್ತಿಲ್ಲ." ಮುಂದಿನ ಎರಡು ದಿನ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ಆಕೆ ಮತ್ತೆ ನಡೆಯುವುದು ನಿಂತಿದೆ.

ತೊಡೆ ಎಲುಬು ನೆಟ್ಟಗಿನ ಕಂಬವಲ್ಲ. ಅದರ ಮೇಲ್ತುದಿಯಲ್ಲಿ ಒಂದು ಗುಂಡು, ಅದರ ಕೆಳಗೆ ಓರೆಯಾದ ಕುತ್ತಿಗೆ. ನಡೆಯುವಾಗ ಈ ಕೀಲಿನ ಮೇಲೆ ಮೈತೂಕದ ಎರಡು–ಮೂರು ಪಟ್ಟು ಭಾರ ಬೀಳುತ್ತದೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಎಲುಬು ಟೊಳ್ಳಾಗುತ್ತದೆ. ನಿಂತಲ್ಲೇ ಜಾರಿ ಬಿದ್ದರೂ ಸಾಕು, ಮುರಿಯುತ್ತದೆ.

ಮುರಿತ ಮುಖ್ಯವಾಗಿ ಎರಡು ಬಗೆ. ಗುಂಡಿಗೆ ರಕ್ತ ಹೋಗುವುದು ಬಹುಪಾಲು ಕುತ್ತಿಗೆಯ ಮೂಲಕ. ಕುತ್ತಿಗೆ ಮುರಿದು ಸರಿದರೆ ರಕ್ತ ನಿಂತು ಗುಂಡು ಸತ್ತುಹೋಗಬಹುದು. ಆದ್ದರಿಂದ ವಯಸ್ಸಾದವರಿಗೆ ಹೆಚ್ಚಾಗಿ ಗುಂಡನ್ನೇ ತೆಗೆದು ಲೋಹದ ಗುಂಡು ಕೂಡಿಸುತ್ತಾರೆ. ಸರಿಯದಿದ್ದರೆ ಸ್ಕ್ರೂ ಹಾಕುತ್ತಾರೆ. ಕುತ್ತಿಗೆಯ ಕೆಳಗೆ ಮುರಿದರೆ ಅಲ್ಲಿ ರಕ್ತ ಚೆನ್ನಾಗಿದೆ, ಎಲುಬು ಕೂಡುತ್ತದೆ. ಆದರೆ ಆಧಾರವಿಲ್ಲದಿದ್ದರೆ ಗಿಡ್ಡವಾಗಿ, ತಿರುಚಿ ಕೂಡುತ್ತದೆ. ಅದಕ್ಕೇ ಪ್ಲೇಟು ಅಥವಾ ಎಲುಬಿನೊಳಗೆ ರಾಡು.

"ನಾಟಿ ಕಟ್ಟು ಕಟ್ಟಿಸೋಣ" ಎನ್ನುವವರಿದ್ದಾರೆ. ಮುಂಗೈಯನ್ನು ಸುತ್ತಲಿಂದ ಹಿಡಿದು ಕಟ್ಟಬಹುದು. ಈ ಜಾಗ ದಪ್ಪ ಮಾಂಸಖಂಡದೊಳಗೆ ಹುದುಗಿದೆ. ಹೊರಗಿನ ಕಟ್ಟಿಗೆ ಸಿಕ್ಕುವುದೇ ಇಲ್ಲ.

ಇನ್ನೊಂದು ಮಾತು: "ವಯಸ್ಸಾಗೇದ, ಆಪರೇಷನ್ ತಡೀತಾಳೇನು?" ಅಪಾಯ ಆಪರೇಷನ್ನಿನಲ್ಲೂ ಇದೆ, ನಿಜ. ಆದರೆ ಹಾಸಿಗೆಯ ಅಪಾಯ ಅದಕ್ಕಿಂತ ದೊಡ್ಡದು. ತಿಂಗಳುಗಟ್ಟಲೆ ಮಲಗಿದರೆ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ನರದಲ್ಲಿ ಹೆಪ್ಪುಗಟ್ಟಿದ ರಕ್ತ. ಎಷ್ಟೋ ಜನರನ್ನು ಕೊಲ್ಲುವುದು ಮುರಿದ ಎಲುಬಲ್ಲ, ಈ ಮಲಗುವಿಕೆ. ಬಿ.ಪಿ., ಸಕ್ಕರೆ, ಹೃದಯ ನೋಡಿಕೊಂಡು, ಸಾಧ್ಯವಾದರೆ ಒಂದೆರಡು ದಿನದಲ್ಲೇ ಆಪರೇಷನ್ ಮಾಡಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುವುದು ಇಂದಿನ ಪದ್ಧತಿ. "ಮಗ ಬಂದಮೇಲೆ ನೋಡೋಣ" ಎಂದು ಕಾಯಬಾರದು. ಮಗ ಫೋನಿನಲ್ಲೇ ಒಪ್ಪಿಗೆ ಹೇಳಲಿ, ಹಾದಿಯಲ್ಲಿರಲಿ.

ಮಕ್ಕಳೇ, ಬಿದ್ದಾಗ ಮನೆಯಲ್ಲಿ ಇರುವವರು ನೀವೇ. ನೆನಪಿಡಿ: ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ, ತೊಡೆಸಂದಿನಲ್ಲಿ ನೋವಿದ್ದರೆ ಎಲುಬು ಮುರಿದಿದೆ ಎಂದೇ ತಿಳಿಯಿರಿ. ಎಬ್ಬಿಸಿ ನಡೆಸಬೇಡಿ, ತಿಕ್ಕಬೇಡಿ. ಕಾಲಿನ ಎರಡೂ ಬದಿಗೆ ದಿಂಬು ಕೊಟ್ಟು 108ಕ್ಕೆ ಫೋನ್ ಮಾಡಿ. ಭಾಲ್ಕಿಯಿಂದಾಗಲಿ ಔರಾದಿನಿಂದಾಗಲಿ ಬೀದರ್ ಸುಮಾರು 40 ಕಿ.ಮೀ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮುಂದಕ್ಕೆ ಕಳಿಸಿದರೆ ಬೀದರ್‌ನಲ್ಲಿ ಬ್ರಿಮ್ಸ್ ಇದೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.

ಆಪರೇಷನ್ ಆದಮೇಲೆ ಎಲುಬು ಗಟ್ಟಿಯಾಗುವ ಔಷಧಿಯನ್ನೂ ಕೇಳಿ ಪಡೆಯಿರಿ. ಒಮ್ಮೆ ಮುರಿದವರಿಗೆ ಇನ್ನೊಂದು ಕಡೆ ಮುರಿಯುವ ಸಂಭವ ಹೆಚ್ಚು.

ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ನಮ್ಮ ಮನೆಗಳಲ್ಲಿ ನುಣುಪಾದ ಶಹಾಬಾದ್ ಫರಸಿ, ಎತ್ತರದ ಹೊಸ್ತಿಲು, ಅಂಗಳದಾಚೆಯ ಪಾಯಖಾನೆ. ಬಚ್ಚಲಲ್ಲಿ ಒಂದು ಹಿಡಿಕೆ, ರಾತ್ರಿ ಒಂದು ಸಣ್ಣ ಬಲ್ಬು, ಕಣ್ಣಿನ ಪೊರೆಗೆ ಚಿಕಿತ್ಸೆ – ಇಷ್ಟಾದರೂ ಮಾಡಿ. ಊರಿಗೆ ಬಂದ ಗೆಳೆಯರೇ, ಮರಳುವ ಮೊದಲು ಆ ಹಿಡಿಕೆ ಹಾಕಿಸಿ ಹೋಗೋಣ.