ಕಪ್ ಬಂತು, ಗೊಬ್ಬೂರಿಗೆ ದಾರಿ ಬಂತಾ?

(ಪ್ರಸಾರ: 18 ಮಾರ್ಚ್ 2024)



ನಿನ್ನೆ ರಾತ್ರಿ ನಿಮ್ಮಲ್ಲಿ ಬಹಳ ಜನ ತಡವಾಗಿ ಮಲಗಿದ್ದೀರಿ, ನನಗೆ ಗೊತ್ತು. ನಾನೂ ಅಷ್ಟೇ. "ಈ ಸಲ ಕಪ್ ನಮ್ದೇ" ಅಂತ ವರ್ಷಗಟ್ಟಲೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವರು ನಾವು. ಗಂಡಸರ ತಂಡಕ್ಕೆ ಅಲ್ಲಿಯವರೆಗೆ ಕೈಗೆ ಸಿಗದಿದ್ದ ಕಪ್ಪನ್ನು ಹೆಣ್ಣುಮಕ್ಕಳು ಎರಡನೇ ವರ್ಷಕ್ಕೇ ಎತ್ತಿ ಹಿಡಿದರು. ಬೆಳಗ್ಗೆಯಿಂದ ನಮ್ಮ ಚಾನೆಲ್ಲಿನಲ್ಲಿ ಅದೇ ಸುದ್ದಿ. ಪಟಾಕಿ, ಸಿಹಿ, ಕುಣಿತ ಎಲ್ಲಾ ತೋರಿಸಿದ್ದೇವೆ.

ಮಧ್ಯಾಹ್ನ ಒಂದು ಫೋನ್ ಬಂತು. ಕಲಬುರಗಿ ಜಿಲ್ಲೆ ಗೊಬ್ಬೂರಿನಿಂದ. ಮಾತಾಡಿದವರು ಒಬ್ಬ ರೈತರು. ಅವರು ಕೇಳಿದ್ದು ಇಷ್ಟೇ: "ಸರ್, ನಮ್ಮ ಮಗಳೂ ಬಾಲ್ ಛಲೋ ಹಾಕ್ತಾಳ್ರಿ. ಒಂಬತ್ತನೇ ಕ್ಲಾಸ್ ಅದಾಳ. ಆಕಿಗಿ ಎಲ್ಲಿಗಿ ಕರ್ಕೊಂಡು ಹೋಗಬೇಕ್ರಿ?"

ಇಪ್ಪತ್ತು ವರ್ಷದಿಂದ ಪ್ರಶ್ನೆ ಕೇಳೋದೇ ನನ್ನ ಕೆಲಸ. ಈ ಪ್ರಶ್ನೆಗೆ ಮಾತ್ರ ನನಗೆ ತಟ್ಟನೆ ಉತ್ತರ ಹೊಳೀಲಿಲ್ಲ. ಅದಕ್ಕೇ ಇವತ್ತು ಈ ವಿಷಯ.

ಆ ತಂದೆಗೆ ಈ ಆಸೆ ಹುಟ್ಟಿಸಿದವಳು ಯಾರು ಅಂತ ನಿಮಗೆ ಗೊತ್ತು. ಶ್ರೇಯಾಂಕಾ ಪಾಟೀಲ್. ಕಲಬುರಗಿ ಮೂಲದ ಹುಡುಗಿ. ಈ ಕಪ್ ಗೆದ್ದಾಗ ವಯಸ್ಸು 21. ನಿನ್ನೆ ದೆಹಲಿಯ ಅರುಣ್ ಜೇಟ್ಲಿ ಕ್ರೀಡಾಂಗಣದಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ಒಂದೂ ವಿಕೆಟ್ ಕಳಕೊಳ್ಳದೆ 64 ರನ್ ಹೊಡೆದಿತ್ತು. ಆಟ ಕೈಬಿಟ್ಟಿತು ಅಂತ ಎಷ್ಟೋ ಮನೆಗಳಲ್ಲಿ ಟಿವಿ ಆಫ್ ಆಗಿರಬೇಕು. ಆಗ ಸೋಫಿ ಮೊಲಿನ್ಯೂ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಿತ್ತರು. ಉಳಿದ ಕೆಲಸಕ್ಕೆ ನಮ್ಮ ಹುಡುಗಿ ನಿಂತಳು. ನಾಯಕಿ ಮೆಗ್ ಲ್ಯಾನಿಂಗ್ ಸೇರಿ ನಾಲ್ಕು ವಿಕೆಟ್, ಕೊಟ್ಟದ್ದು ಬರೀ 12 ರನ್. ಡೆಲ್ಲಿ 113ಕ್ಕೆ ಮುಗೀತು. ಟೂರ್ನಿಯಲ್ಲಿ ಒಟ್ಟು 13 ವಿಕೆಟ್. ಪರ್ಪಲ್ ಕ್ಯಾಪ್ ಅವಳದೇ, ಉದಯೋನ್ಮುಖ ಆಟಗಾರ್ತಿ ಪ್ರಶಸ್ತಿಯೂ ಅವಳದೇ. ಕೈಗೆ ಪೆಟ್ಟಾಗಿ ನಡುವೆ ಎರಡು ಪಂದ್ಯ ಹೊರಗೆ ಕೂತಿದ್ದಳು ಅನ್ನೋದನ್ನೂ ಮರೀಬೇಡಿ.

ಈ ಹುಡುಗಿ ಒಂದೇ ರಾತ್ರಿಯಲ್ಲಿ ಹುಟ್ಟಿಕೊಂಡವಳಲ್ಲ. ಕಳೆದ ಹದಿಮೂರು ತಿಂಗಳ ಲೆಕ್ಕ ಸ್ವಲ್ಪ ನೋಡಿ.

2023ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ಹರಾಜು. ಸ್ಮೃತಿ ಮಂಧಾನಾಗೆ ಇದೇ ತಂಡ ಕೊಟ್ಟದ್ದು 3 ಕೋಟಿ 40 ಲಕ್ಷ. ಶ್ರೇಯಾಂಕಾಗೆ 10 ಲಕ್ಷ. ಮೊದಲ ವರ್ಷ ತಂಡ ಮೊದಲ ಐದು ಪಂದ್ಯ ಸಾಲಾಗಿ ಸೋತಿತು. ಅಂಥ ತಂಡದಲ್ಲಿ ಹೊಸ ಹುಡುಗಿಯ ಕಡೆ ಯಾರು ನೋಡ್ತಾರೆ? ಜೂನ್‌ನಲ್ಲಿ ಹಾಂಗ್‌ಕಾಂಗ್‌ಗೆ ಉದಯೋನ್ಮುಖರ ಏಷ್ಯಾ ಕಪ್ ಆಡೋಕೆ ಹೋದಳು. ಅಲ್ಲಿ ಹಾಂಗ್‌ಕಾಂಗ್ ವಿರುದ್ಧ ಮೂರು ಓವರ್, ಎರಡು ರನ್, ಐದು ವಿಕೆಟ್! ಫೈನಲ್‌ನಲ್ಲಿ ಬಾಂಗ್ಲಾ ವಿರುದ್ಧ 13 ರನ್ನಿಗೆ ನಾಲ್ಕು. ಆಮೇಲೆ ವೆಸ್ಟ್ ಇಂಡೀಸ್‌ನ ಲೀಗ್‌ನಲ್ಲಿ ಗಯಾನಾ ತಂಡ ಕರೆಯಿತು. ಅಲ್ಲಿನ ಮಹಿಳಾ ಲೀಗಿಗೆ ಆಯ್ಕೆಯಾದ ಮೊದಲ ಭಾರತೀಯಳು ಅವಳೇ.

ಡಿಸೆಂಬರ್ 6ಕ್ಕೆ ವಾಂಖೆಡೆಯಲ್ಲಿ ಭಾರತದ ಪರ ಮೊದಲ ಟಿ20. ಇಂಗ್ಲೆಂಡಿನವರು ಅವತ್ತು ಬಿಡಲಿಲ್ಲ. ನಾಲ್ಕು ಓವರಿಗೆ 44 ರನ್ ಚಚ್ಚಿದರು. ಎರಡು ವಿಕೆಟ್ ಸಿಕ್ಕಿದ್ದೇ ಸಮಾಧಾನ. ನಾಲ್ಕೇ ದಿನ ಬಿಟ್ಟು ಅದೇ ಮೈದಾನ, ಅದೇ ಇಂಗ್ಲೆಂಡ್. ಈ ಸಲ 19 ರನ್ನಿಗೆ ಮೂರು ವಿಕೆಟ್, ಪಂದ್ಯಶ್ರೇಷ್ಠೆ. ನನ್ನನ್ನು ಕೇಳಿದರೆ ನಿನ್ನೆಯ ನಾಲ್ಕು ವಿಕೆಟ್‌ಗಿಂತ ಆ ನಾಲ್ಕು ದಿನ ದೊಡ್ಡದು. ಹೊಡೆತ ತಿಂದ ಮರುವಾರವೇ ಮತ್ತೆ ಚೆಂಡು ಕೈಗೆ ಸಿಕ್ಕಿತಲ್ಲ, ಆಟಗಾರ್ತಿ ಬೆಳೆಯೋದು ಅಲ್ಲಿ. ಮೊನ್ನೆ ಶುಕ್ರವಾರ ಮುಂಬೈಗೆ 18 ಎಸೆತದಲ್ಲಿ 20 ರನ್ ಸಾಕಿದ್ದಾಗ ಹರ್ಮನ್‌ಪ್ರೀತ್ ವಿಕೆಟ್ ಕಿತ್ತ ಧೈರ್ಯ ಎಲ್ಲಿಂದ ಬಂತು ಅಂದುಕೊಂಡಿದ್ದೀರಿ?

ಈಗ ಗೊಬ್ಬೂರಿಗೆ ಬರೋಣ.

ಶ್ರೇಯಾಂಕಾ ಮೂಲ ಕಲಬುರಗಿ, ಆದರೆ ಆಟ ಪಳಗಿದ್ದು ಬೆಂಗಳೂರಿನಲ್ಲಿ. ಅಲ್ಲಿ ನೆಟ್ಸ್ ಇದೆ, ಕೋಚ್ ಇದ್ದಾರೆ, ಕ್ಲಬ್ಬುಗಳಿವೆ. ಆಯ್ಕೆ ಮಾಡೋರ ಕಣ್ಣಿಗೂ ಬೀಳ್ತಾರೆ. ಅಫಜಲಪುರ ರಸ್ತೆಯ ಊರಲ್ಲಿ ಏನಿದೆ? ತೊಗರಿ ಕಟಾವಾದ ಮೇಲೆ ಖಾಲಿ ಬಿದ್ದ ಹೊಲವೇ ಮೈದಾನ. ಅದು ಎರೆಭೂಮಿ. ಮಾರ್ಚ್ ಬಂದರೆ ಬಾಯಿ ಬಿಡುತ್ತೆ. ಬಿರುಕಿಗೆ ಬಿದ್ದ ಚೆಂಡು ಯಾವ ಕಡೆ ಏಳುತ್ತೋ ದೇವರೇ ಬಲ್ಲ. ಆ ಹೊಲದಲ್ಲೂ ಹುಡುಗರು ಆಡ್ತಾರೆ. ಹುಡುಗಿಯರು ಸಣ್ಣವರಿದ್ದಾಗ ಸೇರಿಕೊಳ್ತಾರೆ, ಎತ್ತರ ಬೆಳೆದ ಮೇಲೆ "ಸಾಕು ಬಾ, ಮನಿ ಕೆಲಸ ನೋಡು" ಅನ್ನೋ ಮಾತು ಕೇಳಿಸುತ್ತೆ. ಹತ್ತನೇ ಕ್ಲಾಸ್ ಮುಗಿದರೆ ಎಷ್ಟೋ ಮನೆಗಳಲ್ಲಿ ಮದುವೆ ಮಾತು. ಅಂದರೆ ಆ ತಂದೆಗೆ ಉಳಿದಿರೋದು ಹೆಚ್ಚೆಂದರೆ ಒಂದು ವರ್ಷ.

ಕಲಬುರಗಿಯಲ್ಲಿ ಮೈದಾನವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇದೆ, ನೂತನ ವಿದ್ಯಾಲಯದ ಮೈದಾನ ಇದೆ. ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದಲ್ಲಿ ಕಲಬುರಗಿ ಇದೆ. ಮಹಾರಾಜ ಟ್ರೋಫಿಯಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಅಂತ ತಂಡವೇ ಇದೆ! 2022ರಲ್ಲಿ ಮೊದಲ ಕಪ್ ಗೆದ್ದ ತಂಡ ಅದು. ಆದರೆ ಆ ವರ್ಷದ ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಮರುವರ್ಷ ಬೆಂಗಳೂರಿನಲ್ಲಿ. ಗುಲ್ಬರ್ಗದ ಹೆಸರು ಹೊತ್ತ ತಂಡವನ್ನು ಗುಲ್ಬರ್ಗದ ಮಕ್ಕಳು ನೋಡೋದು ನಿಮ್ಮ ಹಾಗೆ ಟಿವಿಯಲ್ಲೇ. ಮದುಮಗನ ಊರಿಗೆ ಬಾರದ ದಿಬ್ಬಣ ಅಂದರೆ ಇದೇ ಅಲ್ಲವಾ?

ಸಣ್ಣ ಊರಿನ ಮಗು ಮೇಲೆ ಬರೋದಕ್ಕೆ ಸಾಧ್ಯವೇ ಇಲ್ಲ ಅಂತೀರಾ? ಫಿನ್‌ಲ್ಯಾಂಡ್ ನೋಡಿ. ಆ ದೇಶದ ಜನಸಂಖ್ಯೆಯೇ ಐವತ್ತೈದು ಲಕ್ಷದಷ್ಟು. ಅಲ್ಲಿ ನೌಸಿಯಾಯ್ನೆನ್ ಅಂತ ಐದು ಸಾವಿರದೊಳಗಿನ ಜನ ಇರೋ ಊರು. ಮಿಕ್ಕೋ ರಾಂಟಾನೆನ್ ಅನ್ನೋ ಹುಡುಗ ಆ ಊರಿನವನು, ಆಡೋದು ಐಸ್ ಹಾಕಿ. ಪಕ್ಕದ ತುರ್ಕು ನಗರದ ಟಿಪಿಎಸ್ ಕ್ಲಬ್ಬಿನಲ್ಲಿ ಕಲಿತ. 16ನೇ ವಯಸ್ಸಿಗೇ ದೊಡ್ಡವರ ಲೀಗ್‌ನಲ್ಲಿ ಆಡಿಸಿದರು. 2015ರಲ್ಲಿ ಅಮೆರಿಕದ ಕೊಲರಾಡೊ ತಂಡ ಆರಿಸಿಕೊಂಡಿತು, 2022ರಲ್ಲಿ ಆ ಆಟದ ಅತಿ ದೊಡ್ಡ ಕಪ್ ಸ್ಟ್ಯಾನ್ಲಿ ಕಪ್ ಗೆದ್ದ. ಆ ಹುಡುಗನ ಪುಣ್ಯ ಏನು ಗೊತ್ತಾ? ಕಲಿಯೋದಕ್ಕೆ ಅವನು ರಾಜಧಾನಿಗೆ ಗುಳೆ ಹೋಗಬೇಕಾಗಿರಲಿಲ್ಲ. ಪಕ್ಕದ ಪಟ್ಟಣದಲ್ಲೇ ಮೊದಲ ಮೆಟ್ಟಿಲು ಇತ್ತು. ಗೊಬ್ಬೂರಿಗೆ ಕಲಬುರಗಿ ಆ ತುರ್ಕು ಆಗಬಾರದಾ?

ನಮ್ಮ ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ್ ನೆನಪಿಸಿಕೊಳ್ಳಿ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ ಐದು ವಿಕೆಟ್ ಕಿತ್ತು ಬಂದಾಗ ಕಾರು ಕೊಡ್ತೀವಿ ಅಂದರು. ಆ ಹುಡುಗಿ ಕಾರು ಬೇಡ, ಮನೆಯವರಿಗೆ ಇರೋಕೆ ಒಂದು ಮನೆ ಬೇಕು ಅಂದಳು. ಗೆದ್ದ ಮೇಲೆ ಏನು ಕೊಡೋದು ಅಂತ ಯೋಚಿಸೋದು ನಮಗೆ ರೂಢಿ. ಗೆಲ್ಲೋ ಮೊದಲು ಅವಳಿಗೆ ಏನು ಬೇಕಿತ್ತು ಅಂತ ನಾವು ಕೇಳೋದೇ ಇಲ್ಲ.

ಈಗ ಶ್ರೇಯಾಂಕಾಗೆ ಸನ್ಮಾನಗಳು ಶುರುವಾಗುತ್ತವೆ. ಪೇಟ, ಶಾಲು, ಹಾರ, ಫ್ಲೆಕ್ಸ್. ಮಾಡಿ, ಬೇಡ ಅನ್ನಲ್ಲ. ಆದರೆ ಫ್ಲೆಕ್ಸ್ ಹಾಕಿಸೋ ಜನಪ್ರತಿನಿಧಿಗಳಿಗೆ ಮೂರು ಮಾತು. ಒಂದು, ಬೇಸಿಗೆ ರಜೆ ಮುಂದಿದೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನಲ್ಲಿ ಹುಡುಗಿಯರಿಗೇ ಅಂತ ಒಂದೊಂದು ಶಿಬಿರ ಮಾಡಿ. ಒಂದು ಮ್ಯಾಟ್, ಒಂದು ನೆಟ್, ಒಬ್ಬ ತರಬೇತುದಾರ ಸಾಕು. ಎರಡು, ಆಯ್ಕೆ ಶಿಬಿರ ಯಾವಾಗ ಎಲ್ಲಿ ಅನ್ನೋದು ಪ್ರತಿ ಹೈಸ್ಕೂಲಿನ ಪಿಟಿ ಮಾಸ್ತರರಿಗೆ ತಲುಪಲಿ. ಮೂರು, ಮಿಸ್ಟಿಕ್ಸ್ ತಂಡದ ಒಂದು ಪಂದ್ಯವಾದರೂ ಕಲಬುರಗಿಗೆ ಬರಲಿ.

ಇದು ಬರೀ ಆಟದ ಹುಚ್ಚಿನ ಮಾತಲ್ಲ. 2022ರ ಅಕ್ಟೋಬರಿನಲ್ಲಿ ಬಿಸಿಸಿಐ ಗಂಡಸರಿಗೂ ಹೆಂಗಸರಿಗೂ ಪಂದ್ಯಕ್ಕೆ ಒಂದೇ ಸಂಭಾವನೆ ಅಂತ ಘೋಷಿಸಿತು. ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. "ಆಟ ಆಡಿದ್ರ ಹೊಟ್ಟಿ ತುಂಬತದೇನು?" ಅಂತ ಮಗಳಿಗೆ ಕೇಳೋ ಕಾಲ ಹೋಯಿತು.

ಮಾಧ್ಯಮದವರಾದ ನಮ್ಮ ತಪ್ಪನ್ನೂ ಹೇಳಿಬಿಡ್ತೀನಿ. ನಿನ್ನೆಯ ಫೈನಲ್‌ಗೆ ನಾವು ಗಂಟೆಗಟ್ಟಲೆ ಸಮಯ ಕೊಟ್ಟೆವು. ಜಿಲ್ಲಾ ಮಟ್ಟದ ಹುಡುಗಿಯರ ಪಂದ್ಯಕ್ಕೆ ಕ್ಯಾಮೆರಾ ಕಳಿಸಿದ್ದು ನನಗಂತೂ ನೆನಪಿಲ್ಲ.

ಗೊಬ್ಬೂರಿನ ಯಜಮಾನರೇ, ಈಗ ನೀವು ನೋಡ್ತಿದ್ದರೆ ನನ್ನ ಉತ್ತರ ಇದು. ನಾಳೆ ಶಾಲೆಗೆ ಹೋಗಿ ಪಿಟಿ ಮಾಸ್ತರರ ಜೊತೆ ಮಾತಾಡಿ. ರಜೆ ಬಿದ್ದ ಮೇಲೆ ಮಗಳನ್ನು ಕರ್ಕೊಂಡು ಕಲಬುರಗಿ ಬಸ್ ಹತ್ತಿ. ಮೈದಾನದಲ್ಲಿ ಯಾರಾದರೂ ಕೋಚ್ ಮುಂದೆ ಆಕೆ ಆರು ಬಾಲ್ ಹಾಕಲಿ. ವಾಪಸ್ ಬಂದು ನನಗೆ ಫೋನ್ ಮಾಡಿ, ಅಲ್ಲಿ ಬಾಗಿಲು ತೆರೆದಿತ್ತಾ ಮುಚ್ಚಿತ್ತಾ ಹೇಳಿ. ಮುಚ್ಚಿದ್ದರೆ ಯಾಕೆ ಅಂತ ಇದೇ ಕುರ್ಚಿಯಲ್ಲಿ ಕೂತು ನಾನು ಕೇಳ್ತೀನಿ.

ನಿಮ್ಮ ಫೋನಿಗೆ ಕಾಯ್ತಿರ್ತೀನಿ.